ಹಿಂದ ಯಾವ ಊರು ಹೋತ್ರಿ?

ನಾನು ಗಂಡನ ಲಾರಿ ಹತ್ತಿದ್ದು ಊರು ನೋಡೋ ಆಸೆಗಲ್ಲ. ದೀಪಾವಳಿಗೆ ಅಂತ ಹೋದ ಕ್ಲೀನರ್ ಹುಡುಗ ವಾಪಸ್ ಬರಲಿಲ್ಲ, ಇನ್ನೊಬ್ಬ ಸಿಗಲಿಲ್ಲ, ಗಾಡಿಯ ಕಂತು ಮಾತ್ರ ತಿಂಗಳು ತಪ್ಪದೆ ಬರುತ್ತಿತ್ತು. ಮಗ ಆಗಷ್ಟೇ ಮೊರಾರ್ಜಿ ಶಾಲೆಗೆ ಆರನೇ ಕ್ಲಾಸಿಗೆ ಸೇರಿದ್ದ, ಊಟ ವಸತಿ ಅಲ್ಲೇ. ಅತ್ತೆಯವರೇ "ಹುಡುಗ ಸಿಗೋತನ ನೀನೇ ಹೋಗವಾ, ಎರಡ್ ಟ್ರಿಪ್" ಅಂದರು. ಆ ಎರಡು ಟ್ರಿಪ್ಪಿಗೆ ಈಗ ಮೂರು ವರ್ಷ.

ನಮ್ಮೂರು ಬಸವನ ಬಾಗೇವಾಡಿ ಕಡೆ. ಹತ್ತು ಗಾಲಿಯ ಗಾಡಿ. ಹೆಚ್ಚಾಗಿ ವಿಜಯಪುರದಿಂದ ಗೋವಿನಜೋಳ ತುಂಬಿಕೊಂಡು ತಮಿಳುನಾಡಿನ ನಾಮಕ್ಕಲ್‌ಗೆ ಹೋಗುತ್ತೇವೆ. ಅಲ್ಲಿ ಎಲ್ಲಿ ನೋಡಿದರೂ ಕೋಳಿ ಫಾರಂ, ಜೋಳ ಎಷ್ಟು ಬಂದರೂ ಬೇಕು. ಬರುವಾಗ ಸೇಲಂನಲ್ಲಿ ಸಾಬುದಾಣಿ ತುಂಬಿ ಸೊಲ್ಲಾಪುರಕ್ಕೆ. ನಾವು ಏಕಾದಶಿಗೆ ತಿನ್ನೋ ಸಾಬುದಾಣಿ ಮರಗೆಣಸಿನಿಂದ ಆಗುತ್ತದೆ ಅನ್ನೋದೇ ನನಗೆ ಲಾರಿ ಹತ್ತೋ ತನಕ ಗೊತ್ತಿರಲಿಲ್ಲ.

ಗಂಡ ಹೆಂಡತಿ ಲಾರಿಯಲ್ಲಿ ಹೋಗುತ್ತೀವಿ ಅಂದರೆ ಎಲ್ಲರೂ ಕೇಳೋದು ಒಂದೇ, ಅಡುಗೆ ಹೇಗೆ, ಸ್ನಾನ ಹೇಗೆ. ಅದನ್ನೂ ಹೇಳುತ್ತೇನೆ. ಆದರೆ ಗಾಡಿಯಲ್ಲಿ ನನ್ನ ನಿಜವಾದ ಕೆಲಸ ಅದಲ್ಲ, ನಮ್ಮ ಮನೆಯವರ ನಿದ್ದೆ ಕಾಯೋದು.

ಅದು ಎರಡನೇ ಟ್ರಿಪ್ಪಿನಲ್ಲೇ ತಿಳಿಯಿತು. ಹೊಸಪೇಟೆ ದಾಟಿ, ಕೂಡ್ಲಿಗಿಯೂ ಹಿಂದೆ ಹೋಗಿತ್ತು, ರಾತ್ರಿ ಮೂರೂವರೆ. ನೀರಿನ ಬಾಟಲಿ ಕೊಡ್ರಿ ಅಂದೆ. ಮಾತಿಲ್ಲ. ತಿರುಗಿ ನೋಡಿದರೆ ಕಣ್ಣು ತೆರೆದೇ ಇದೆ, ಕೈ ಸ್ಟೇರಿಂಗ್ ಮೇಲೇ ಇದೆ, ಆದರೆ ಗಾಡಿ ಸುಮ್ನೆ ಎಡಕ್ಕೆ ಎಡಕ್ಕೆ ಹೋಗಿ ಬಿಳಿ ಗೆರೆ ದಾಟುತ್ತಿತ್ತು. ಚೀರಿದೆ. ಗಾಡಿ ನಿಂತಿತು. "ನಾ ಎಲ್ಲಿ ಮಲಗೀನಿ, ಕಣ್ಣ ತಕ್ಕೊಂಡೇ ಇದ್ದೆ" ಅಂತ ನನಗೇ ಜೋರು ಮಾಡಿದರು. ಸುಳ್ಳು ಹೇಳಲಿಲ್ಲ ಅವರು, ನಿಜವಾಗಲೂ ಅವರಿಗೆ ಗೊತ್ತೇ ಆಗಿರಲಿಲ್ಲ. ಅದೇ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು.

ಅವತ್ತಿಂದ ಒಂದು ರೂಢಿ ಮಾಡಿಕೊಂಡೆ. ಸಂಜೆ ಆದ ಮೇಲೆ ಅರ್ಧ ತಾಸಿಗೊಮ್ಮೆ ಕೇಳುತ್ತೇನೆ: "ಹಿಂದ ಯಾವ ಊರು ಹೋತ್ರಿ?" ಎಚ್ಚರ ಇರೋ ಡ್ರೈವರ್ ತಟ್ಟನೆ ಹೇಳುತ್ತಾನೆ, ಅವನಿಗೆ ದಾರಿ ಬಾಯಿಪಾಠ. ಒಂದು ಗಳಿಗೆ ತಡವರಿಸಿದರೆ, ಇಲ್ಲಾ "ಯಾವ್ದೋ ಹೋತು ಬಿಡು" ಅಂದರೆ, ಮುಂದಿನ ಬಂಕಿನಲ್ಲಿ ಗಾಡಿ ನಿಲ್ಲಲೇಬೇಕು. ಆಕಳಿಸೋ ಡ್ರೈವರ್‌ಗೆ ನಾನು ಅಷ್ಟು ಹೆದರೋದಿಲ್ಲ, ಆಕಳಿಕೆ ನಿಂತು ಮಾತೂ ನಿಂತಾಗ ಹೆದರುತ್ತೇನೆ. ಚಹಾ, ಗುಟ್ಕಾ, ಎಲೆ ಅಡಿಕೆ, ಮುಖಕ್ಕೆ ತಣ್ಣೀರು ಎಲ್ಲಾ ನೋಡಿದೆ. ಹದಿನೈದಿಪ್ಪತ್ತು ನಿಮಿಷ ನಡೆಯುತ್ತವೆ, ಆಮೇಲೆ ಮತ್ತೆ ಅದೇ.

ಮೊದಲು ಇವರು ಒಪ್ಪಲಿಲ್ಲ. ಢಾಬಾದಲ್ಲಿ ಜೊತೆಯ ಡ್ರೈವರ್‌ಗಳು "ಹೆಂಡ್ತಿ ಹೇಳಿದಲ್ಲಿ ಗಾಡಿ ನಿಂದರತೈತಿ ನೋಡ್ರೋ" ಅಂತ ನಗುತ್ತಿದ್ದರು, ಇವರಿಗೆ ಮುಖ ಸಣ್ಣದಾಗುತ್ತಿತ್ತು. ಜಗಳ ಮಾಡಿ ಗೆದ್ದಿಲ್ಲ ನಾನು. ಡೈರಿ ತೋರಿಸಿ ಗೆದ್ದೆ. ಡೀಸೆಲ್, ಟೋಲು, ಹಮಾಲಿ ಬರೆಯೋ ಡೈರಿಯಲ್ಲೇ ಎರಡು ಕಲಂ ಎಳೆದೆ, ಮಾಲು ಇಳಿಸೋ ಜಾಗದ ಗೇಟಿಗೆ ಎಷ್ಟು ಹೊತ್ತಿಗೆ ಮುಟ್ಟಿದೆವು, ಮಾಲು ಎಷ್ಟು ಹೊತ್ತಿಗೆ ಇಳಿಯಿತು. ನಾಲ್ಕು ಟ್ರಿಪ್ ಬರೆದ ಮೇಲೆ ಮುಂದಿಟ್ಟೆ. ರಾತ್ರಿಯೆಲ್ಲಾ ಓಡಿಸಿ ಬೆಳಗಿನ ಐದಕ್ಕೆ ಮುಟ್ಟಿದ ಗಾಡಿ ಸಾಲಿನಲ್ಲಿ ನಿಂತು, ಸ್ಯಾಂಪಲ್ ತೆಗೆದು, ತೇವ ನೋಡಿ, ಕಾಟಾದ ಮೇಲೆ ತೂಕ ಆಗಿ, ಮೂರನೇ ದಿನ ಖಾಲಿಯಾಗಿತ್ತು. ಒಂದು ಸಲ ಅಮಾವಾಸ್ಯೆ ಅಂತ ಹಮಾಲರೇ ಬಂದಿರಲಿಲ್ಲ. ರಾತ್ರಿ ನಿದ್ದೆಗೆಟ್ಟು ಉಳಿಸಿದ ಆರು ತಾಸು ಗೇಟಿನ ಮುಂದೆ ನಿಂತು ಕಳೆದಿದ್ದೆವು. ಅವರು ಡೈರಿ ನೋಡಿದರು, ಏನೂ ಅನ್ನಲಿಲ್ಲ. ಮುಂದಿನ ಟ್ರಿಪ್ಪಿಗೆ ರಾತ್ರಿ ಹತ್ತಕ್ಕೆ ತಾವೇ ಸೈಡಿಗೆ ಹಾಕಿದರು.

ವಿಜಯಪುರದಿಂದ ನಾಮಕ್ಕಲ್ ಸುಮಾರು 780 ಕಿ.ಮೀ. ಘಾಟು, ಟ್ರಾಫಿಕ್ಕು ಸೇರಿ ತಾಸಿಗೆ ಮೂವತ್ತೈದು ನಲವತ್ತರ ಮೇಲೆ ಸರಾಸರಿ ಬೀಳೋದಿಲ್ಲ, ಅಂದರೆ ಇಪ್ಪತ್ತು ಇಪ್ಪತ್ತೆರಡು ತಾಸಿನ ಓಟ. ಮೊದಲು ಒಂದೂವರೆ ದಿನದಲ್ಲಿ ಹೊಡೆಯುತ್ತಿದ್ದರು, ಈಗ ಮೂರು ದಿನಕ್ಕೆ ಹಂಚಿದ್ದೇವೆ. ಬೆಳಿಗ್ಗೆ ಐದಕ್ಕೆ ಗಾಡಿ ಬಿಡೋದು, ರಾತ್ರಿ ಹತ್ತರಿಂದ ನಾಲ್ಕೂವರೆ ತನಕ ಏನೇ ಆದರೂ ನಿಲ್ಲೋದು. ಮೋಟಾರು ಸಾರಿಗೆ ಕೆಲಸಗಾರರಿಗೆ ದಿನಕ್ಕೆ ಎಂಟು ತಾಸು, ಐದು ತಾಸಿಗೊಮ್ಮೆ ಅರ್ಧ ತಾಸು ವಿಶ್ರಾಂತಿ ಅಂತ 1961ರಲ್ಲೇ ಕಾಯ್ದೆ ಆಗಿತ್ತು. ಸ್ವಂತ ಗಾಡಿ ಸ್ವಂತ ಡ್ರೈವರ್ ಇರೋ ಮನೆಯಲ್ಲಿ ಅದನ್ನ ಕೇಳೋರು ಯಾರು? ಟ್ರಾನ್ಸ್‌ಪೋರ್ಟ್ ಆಫೀಸಿನಿಂದ "ಎಲ್ಲದೀರಿ, ಇನ್ನೂ ಚಿತ್ರದುರ್ಗ ಏನ್ರಿ?" ಅಂತ ಫೋನ್ ಬರುತ್ತದೆ. ಫೋನ್ ನಾನೇ ಎತ್ತುತ್ತೇನೆ. ಹೆಂಗಸಿನ ದನಿ ಕೇಳಿದರೆ ಬೈಗುಳ ಅರ್ಧಕ್ಕೇ ನಿಲ್ಲುತ್ತದೆ, ಇದೊಂದು ಲಾಭ. ಸಾಬುದಾಣಿ ತರುವಾಗ ಇ-ವೇ ಬಿಲ್, ಅಂದರೆ ಮಾಲು ಸಾಗಿಸೋಕೆ ಬೇಕಾದ ಜಿಎಸ್‌ಟಿ ಚೀಟಿ ಇರುತ್ತಲ್ಲ, 2021ರಿಂದ ಅದರ ಅವಧಿ 200 ಕಿ.ಮೀಗೆ ಒಂದು ದಿನದ ಲೆಕ್ಕ. ಸೇಲಂನಿಂದ ಸೊಲ್ಲಾಪುರ 800 ದಾಟುತ್ತದೆ, ಐದು ದಿನ ಸಿಗುತ್ತವೆ. ಸರ್ಕಾರವೇ ಐದು ದಿನ ಕೊಟ್ಟಿರುವಾಗ ನಿಮಗ್ಯಾಕ್ರಿ ಅವಸರ ಅಂತ ಕೇಳುತ್ತೇನೆ.

ಎರಡನೇ ರಾತ್ರಿ ಮಾತ್ರ ಜಾಗ ಗಟ್ಟಿ, ಧರ್ಮಪುರಿ ಸಮೀಪದ ಒಂದು ಬಂಕು. ಅದರ ಮುಂದೆ ತೊಪ್ಪೂರು ಘಾಟು. ಸೇಲಂ ಕಡೆ ಹೋಗುವಾಗ ಅದು ಇಳಿಜಾರು, ಆ ಜಾಗದಲ್ಲಿ ಆದ ಅಪಘಾತಗಳು ಒಂದೆರಡಲ್ಲ. ನಮ್ಮದು ಗಾಡಿ ಮಾಲು ಸೇರಿ 28.5 ಟನ್. ಅದಕ್ಕಿಂತ ಒಂದು ಚೀಲ ಜಾಸ್ತಿ ಹಾಕಿದರೂ ಲೋಡಿಂಗ್ ಹೊತ್ತಲ್ಲೇ ನಾನು ಜಗಳ ತೆಗೆಯೋದು ಈ ಘಾಟು ನೆನಪಾಗಿಯೇ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಬ್ರೇಕ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹಿಡಿಯೋದಿಲ್ಲ. ಏರುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು ಅನ್ನೋದು ಇವರ ಗುರುವಿನ ಮಾತು. ನಿದ್ದೆ ಮುಗಿಸಿ, ಬೆಳಕಾದ ಮೇಲೆ, ಹೊಟ್ಟೆಗೆ ಏನಾದರೂ ಹಾಕಿಕೊಂಡು ಇಳಿಯುತ್ತೇವೆ.

ಈಗ ಹೊಟ್ಟೆಯ ವಿಷಯ. ಕಟಕ ರೊಟ್ಟಿ ಅರವತ್ತು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ. ಜೋಳದ ಕಟಕ ರೊಟ್ಟಿ ಹದಿನೈದು ದಿನ ಆದರೂ ಏನೂ ಆಗೋದಿಲ್ಲ, ಲಾರಿಯವರಿಗಂತಲೇ ಮಾಡಿದ ಹಾಗಿದೆ. ಅನ್ನ, ಬೇಳೆ ಮಾತ್ರ ಸಣ್ಣ ಸಿಲಿಂಡರ್ ಮೇಲೆ, ಅದೂ ಗಾಡಿ ನಿಲ್ಲಿಸಿ ಕೆಳಗೆ ಇಳಿದು. ಮಳೆ ಇದ್ದರೂ ಕ್ಯಾಬಿನ್ ಒಳಗೆ ಒಲೆ ಹಚ್ಚಬೇಡಿ. ಮಧ್ಯಾಹ್ನ ಇವರಿಗೆ ಅನ್ನ ಕಡಿಮೆ ಹಾಕುತ್ತೇನೆ, ಉಂಡ ಮೇಲಿನ ಜೊಂಪು ರಾತ್ರಿ ನಿದ್ದೆಯಷ್ಟೇ ಕೆಟ್ಟದ್ದು.

ನಾನು ಮಾಡಿದ ದೊಡ್ಡ ತಪ್ಪು ನೀರಿನದು. ಶೌಚಾಲಯ ಸಿಗೋದಿಲ್ಲ ಅಂತ ಮೊದಲ ಆರು ತಿಂಗಳು ನೀರೇ ಕುಡಿಯುತ್ತಿರಲಿಲ್ಲ. ಉರಿಮೂತ್ರ ಆಗಿ, ಜ್ವರ ಬಂದು, ಟ್ರಿಪ್ ಅರ್ಧಕ್ಕೇ ಬಿಟ್ಟು ಬಸ್ ಹತ್ತಿ ಊರಿಗೆ ಬರಬೇಕಾಯಿತು. ಈಗ ಡೈರಿಯ ಹಿಂದಿನ ಹಾಳೆಯಲ್ಲಿ ಬಂಕುಗಳ ಪಟ್ಟಿ ಇದೆ, ಯಾವುದರಲ್ಲಿ ಚಿಲಕ ಇದೆ, ಯಾವುದರಲ್ಲಿ ನೀರು ಬರುತ್ತದೆ, ಯಾವುದರ ಬೀಗದ ಕೈ ಕೇಳಿ ಇಸಕೊಳ್ಳಬೇಕು. ಮುಟ್ಟಿನ ದಿನ ಆ ಪಟ್ಟಿ ನೋಡಿಯೇ ಗಾಡಿ ನಿಲ್ಲುತ್ತದೆ. ಸೆಕೆಗೆ ಔಷಧಿ ಇಲ್ಲ. 2025ರ ಅಕ್ಟೋಬರ್‌ನಿಂದ ಹೊಸ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಆಗಿದೆಯಂತೆ, ನಮ್ಮದು ಹಳೇದು. ಏಪ್ರಿಲ್‌ನಲ್ಲಿ ವಿಜಯಪುರ ಬಿಡುವಾಗ ಮೇಲಿನಿಂದ ಬಿಸಿಲು, ಕಾಲ ಕೆಳಗೆ ಎಂಜಿನ್ನು.

ಕೇರಳದ ಜಲಜಾ ರತೀಶ್ ಗಂಡನ ಜೊತೆ ಹೋಗಿ ಕಾಶ್ಮೀರದ ತನಕ ಲಾರಿ ಓಡಿಸಿದ ವಿಡಿಯೋ ಇವರೇ ನನಗೆ ತೋರಿಸಿದರು. ಅದಾದ ಮೇಲೆ ಕಾರಿನ ಲೈಸೆನ್ಸ್ ಮಾಡಿಸಿದ್ದೇನೆ. ಅದು ಕೈಗೆ ಬಂದು ಒಂದು ವರ್ಷ ಆಗದೆ ಲಾರಿಯ ಹೆವಿ ಲೈಸೆನ್ಸ್ ಕೊಡೋದಿಲ್ಲ, ಇನ್ನೂ ನಾಲ್ಕು ತಿಂಗಳು ಇದೆ. ಅಲ್ಲಿ ತನಕ ಖಾಲಿ ಜಾಗದಲ್ಲೂ ಸ್ಟೇರಿಂಗ್ ಮುಟ್ಟೋ ಹಾಗಿಲ್ಲ ಅಂತ ಇವರು ಅಂದಿದ್ದಾರೆ.

ಹೋದ ಟ್ರಿಪ್ಪಿನಲ್ಲಿ ಹಿರಿಯೂರು ದಾಟಿದ ಮೇಲೆ ನಾನು ಸುಮ್ಮನಾಗಿದ್ದೆನಂತೆ. "ಏ, ಹಿಂದ ಯಾವ ಊರು ಹೋತು?" ಅಂದರು. ನನಗೆ ಹೊಳೆಯಲೇ ಇಲ್ಲ. "ತುಮಕೂರು" ಅಂದುಬಿಟ್ಟೆ. ಒಂಬತ್ತೂ ಆಗಿರಲಿಲ್ಲ, ನಗುತ್ತಾ ಮುಂದಿನ ಬಂಕಿಗೆ ಗಾಡಿ ಒಳಗೆ ತಗೊಂಡರು.