ಟೆಕ್ಸಸ್‌ಗೆ ಬಂದ ಹೊಸಬರಿಗೆ: ಸೊಂಟದಲ್ಲಿ ಗನ್, ಎದುರಿಗೆ ಪೊಲೀಸ್

ಹಾಲು ತರಲೆಂದು ಅಂಗಡಿಗೆ ಹೋದರೆ ಕ್ಯೂನಲ್ಲಿ ಮುಂದೆ ನಿಂತವರ ಬೆಲ್ಟಿನಲ್ಲಿ ಪಿಸ್ತೂಲು ಕಾಣುವುದು ಟೆಕ್ಸಸ್‌ನಲ್ಲಿ ದೊಡ್ಡ ವಿಷಯವಲ್ಲ. ಲೈಸೆನ್ಸ್ ಇದ್ದವರು ಹ್ಯಾಂಡ್‌ಗನ್ನನ್ನು ಹೋಲ್ಸ್ಟರ್‌ನಲ್ಲಿ (ಗನ್ನಿನ ಒರೆಯಲ್ಲಿ) ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಓಡಾಡಬಹುದೆಂಬ ಕಾನೂನು 2016ರ ಜನವರಿ 1ರಂದು ಜಾರಿಗೆ ಬಂತು. 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ತುಂಬಿದ್ದು ಬೇರೆ ಕಾನೂನಿನ ತಡೆ ಇಲ್ಲದವರಿಗೆ ಲೈಸೆನ್ಸೂ ಬೇಕಿಲ್ಲ. ಹೀಗೆ ಕಾಣುವಂತೆ ಗನ್ ಒಯ್ಯುವುದಕ್ಕೇ ಇಲ್ಲಿ ಓಪನ್ ಕ್ಯಾರಿ ಅನ್ನುತ್ತಾರೆ. ಆದರೆ ‘ಬೇರೆ ಕಾನೂನಿನ ತಡೆ ಇಲ್ಲದವರು’ ಅನ್ನುವ ಗುಂಪಿಗೆ ನಮ್ಮ ಪೈಕಿ ಬಹಳ ಜನ ಸೇರುವುದೇ ಇಲ್ಲ. ಹಾಗಾಗಿ ಪೊಲೀಸರ ವಿಷಯಕ್ಕೂ ಮೊದಲು ವೀಸಾ ವಿಷಯ.

ನಿಮ್ಮ ಸ್ಟೇಟಸ್ ಏನು?

ಎಚ್-1ಬಿ, ಎಚ್-4, ಎಲ್-1, ಎಲ್-2, ಎಫ್-1, ಬಿ-2, ಇವೆಲ್ಲ ನಾನ್-ಇಮಿಗ್ರಂಟ್ ವೀಸಾಗಳು. ಇವುಗಳ ಮೇಲೆ ಬಂದವರು ಗನ್ನಾಗಲಿ ಗುಂಡಾಗಲಿ ಹೊಂದುವಂತಿಲ್ಲ. ಇದು ಫೆಡರಲ್ ಕಾನೂನು, ಟೆಕ್ಸಸ್ ಎಷ್ಟೇ ಸಡಿಲ ಬಿಟ್ಟರೂ ಬದಲಾಗುವುದಿಲ್ಲ. 2022ರ ತಿದ್ದುಪಡಿಯ ನಂತರ ಗರಿಷ್ಠ ಶಿಕ್ಷೆ 15 ವರ್ಷ. ‘ಹೊಂದುವುದು’ ಅಂದರೆ ಕೊಳ್ಳುವುದು ಮಾತ್ರವಲ್ಲ, ಕೈಯಲ್ಲಿ ಹಿಡಿಯುವುದೂ ಸೇರಿತು. ಆಫೀಸಿನವರು ಟೀಮ್ ಔಟಿಂಗ್ ಎಂದು ಶೂಟಿಂಗ್ ರೇಂಜ್‌ಗೆ ಕರೆದೊಯ್ದು ಬಾಡಿಗೆ ಗನ್ ಕೈಗೆ ಕೊಟ್ಟರೆ ಅಷ್ಟಕ್ಕೇ ಅಪರಾಧ ಪೂರ್ತಿಯಾಯಿತು. 2019ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದ ರೆಹೈಫ್ ಪ್ರಕರಣ ಶುರುವಾದದ್ದು ಇಂಥದ್ದರಿಂದಲೇ. ವಿದ್ಯಾರ್ಥಿ ವೀಸಾದಲ್ಲಿ ಬಂದು, ಕಾಲೇಜಿನಿಂದ ಹೊರಬಿದ್ದ ಮೇಲೂ ಇಲ್ಲೇ ಉಳಿದಿದ್ದವರೊಬ್ಬರು ಫ್ಲಾರಿಡಾದ ರೇಂಜ್‌ನಲ್ಲಿ ಗುಂಡು ಹಾರಿಸಿದ್ದರು. ಆರೋಪಿಗೆ ತನ್ನ ಸ್ಟೇಟಸ್ ಏನೆಂಬುದು ತಿಳಿದಿತ್ತೆಂದು ಸರ್ಕಾರ ಸಾಬೀತು ಮಾಡಬೇಕೆಂದು ಕೋರ್ಟ್ ಹೇಳಿತು. ಎಚ್-1ಬಿಯವರಿಗೆ ಇದರಿಂದ ಆಗುವ ಲಾಭ ಅಷ್ಟಕ್ಕಷ್ಟೇ. ತನ್ನ ಸ್ಟೇಟಸ್ ದಿನಕ್ಕೆರಡು ಸಲ ನೆನೆಯದ ಎಚ್-1ಬಿಯವರು ಯಾರಿದ್ದಾರೆ?

ಒಂದು ವಿನಾಯಿತಿ ಇದೆ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಟೆಕ್ಸಸ್‌ನ ಬೇಟೆ ಲೈಸೆನ್ಸ್ ಸಾಮಾನ್ಯವಾಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ ಮೊದಲ ವಾರ ಹಳೇ ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡು ರೇಂಜ್‌ಗೆ ಹೋದರೆ ಏನೂ ಇಲ್ಲದೆ ಹೋದಂತೆಯೇ ಲೆಕ್ಕ. ಈ ವಿನಾಯಿತಿಯನ್ನು ನಂಬಿ ಸೊಂಟಕ್ಕೆ ಗನ್ ಕಟ್ಟಿಕೊಂಡು ಪೇಟೆ ಸುತ್ತುವುದಂತೂ ಬೇಡವೇ ಬೇಡ. ಐ-485 (ಗ್ರೀನ್ ಕಾರ್ಡ್ ಅರ್ಜಿ) ಹಾಕಿ ಇಎಡಿ (ಕೆಲಸದ ಪರವಾನಗಿ ಕಾರ್ಡು) ಬಂದವರೂ ನೆನಪಿಡಿ, ಅದು ಗ್ರೀನ್ ಕಾರ್ಡ್ ಅಲ್ಲ.

ಒಂದೇ ಮನೆಯಲ್ಲಿ ಗಂಡ ಗ್ರೀನ್ ಕಾರ್ಡ್, ಹೆಂಡತಿ ಎಚ್-4 ಇದ್ದಾಗ ಗನ್ ಸೇಫಿನ ಕೀಲಿ, ನಂಬರು ಗಂಡನ ಬಳಿ ಮಾತ್ರ ಇರಬೇಕು. ಆಕೆ ಓಡಿಸುವ ಕಾರಿನ ಗ್ಲೋವ್ ಬಾಕ್ಸ್‌ನಲ್ಲಿ ಗನ್ ಬಿಟ್ಟರೆ, ಪೊಲೀಸರು ಕಾರು ನಿಲ್ಲಿಸಿದಾಗ ಅದು ಆಕೆಯ ಕೈವಶದಲ್ಲಿದೆ ಎಂದೇ ಲೆಕ್ಕ ಹಿಡಿಯಬಹುದು. ಆಯುಧಪೂಜೆಗೆ ಗೆಳೆಯರ ಗನ್ ಹಿಡಿದು ಫೋಟೊ ತೆಗೆಸಿ ವಾಟ್ಸಾಪ್ ಸ್ಟೇಟಸ್ ಹಾಕುವವರೂ ಇದ್ದಾರೆ. ನಿಮ್ಮ ವಿರುದ್ಧ ನೀವೇ ಸಾಕ್ಷಿ ಒದಗಿಸಿದಂತೆ.

ಗ್ರೀನ್ ಕಾರ್ಡ್ ಇದ್ದವರು ಗನ್ ಇಟ್ಟುಕೊಳ್ಳಬಹುದು. ಆದರೆ ಗನ್‌ಗೆ ಸಂಬಂಧಿಸಿದ ಸಣ್ಣ ಅಪರಾಧದಲ್ಲಿ ಶಿಕ್ಷೆಯಾದರೂ ಗಡೀಪಾರಿಗೆ ಅದೇ ಕಾರಣವಾಗಬಲ್ಲದು. ಸಿಟಿಜನ್ ಒಬ್ಬರು ದಂಡ ಕಟ್ಟಿ ಮರೆಯುವ ಕೇಸು ನಿಮ್ಮನ್ನು ಇಮಿಗ್ರೇಷನ್ ಕೋರ್ಟಿಗೆ ತಂದು ನಿಲ್ಲಿಸುತ್ತದೆ. ಕ್ರಿಮಿನಲ್ ವಕೀಲರು ‘ಇದು ಚಿಕ್ಕ ಕೇಸು, ತಪ್ಪೊಪ್ಪಿಕೊಂಡು ಮುಗಿಸಿ’ ಎಂದರೆ ಇಮಿಗ್ರೇಷನ್ ವಕೀಲರನ್ನು ಕೇಳದೆ ಸಹಿ ಹಾಕಬೇಡಿ.

ಕೊಡಗಿನ ಕಡೆಯವರಿಗೆ ಒಂದು ಮಾತು. ಜಮ್ಮಾ ಹಿಡುವಳಿದಾರರಿಗೂ ಕೊಡವರಿಗೂ ಭಾರತದಲ್ಲಿ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಬೆಳೆದವರಿಗೆ ಗನ್ ಅಂದರೆ ಹೆದರಿಕೆ ಇರುವುದಿಲ್ಲ. ಆ ಸಲಿಗೆ ಒಳ್ಳೆಯದೇ, ಆದರೆ ಆ ವಿನಾಯಿತಿ ಇಲ್ಲಿ ಯಾವ ಕಾಗದದಲ್ಲೂ ಬರುವುದಿಲ್ಲ.

ಕಟ್ಟಿಕೊಂಡು ಹೊರಡುವ ಮುನ್ನ

ಲೈಸೆನ್ಸ್ ಕಡ್ಡಾಯವಲ್ಲದಿದ್ದರೂ ಎಲ್‌ಟಿಸಿ (ಲೈಸೆನ್ಸ್ ಟು ಕ್ಯಾರಿ, ಅಂದರೆ ಗನ್ ಒಯ್ಯುವ ರಾಜ್ಯದ ಲೈಸೆನ್ಸ್) ಮಾಡಿಸಿಕೊಳ್ಳಿ ಎಂಬುದೇ ನಮ್ಮ ಸಲಹೆ. ಅರ್ಜಿ ಶುಲ್ಕ 40 ಡಾಲರ್, ತರಗತಿ ನಾಲ್ಕರಿಂದ ಆರು ಗಂಟೆ. ಅದರ ನಿಜವಾದ ಉಪಯೋಗ ಬಹಳ ಜನಕ್ಕೆ ಗೊತ್ತಿಲ್ಲ. ಶಾಲೆಯ ಸುತ್ತ 1000 ಅಡಿಯೊಳಗೆ ಗನ್ ಒಯ್ಯುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ, ಆ ರಾಜ್ಯದ ಲೈಸೆನ್ಸ್ ಇದ್ದವರಿಗೆ ಬಿಡುತ್ತದೆ. ನಮ್ಮ ಬಡಾವಣೆಗಳಲ್ಲಿ ಶಾಲೆಯಿಂದ 1000 ಅಡಿ ದಾಟದೆ ಎಲ್ಲಿಗೆ ಹೋಗುತ್ತೀರಿ?

ಕನ್ನಡ ರಾಜ್ಯೋತ್ಸವಕ್ಕೆ, ಗಣೇಶನ ಹಬ್ಬಕ್ಕೆ ಸ್ಕೂಲ್ ಆಡಿಟೋರಿಯಂ ಬಾಡಿಗೆಗೆ ಹಿಡಿಯುವುದು ಮಾಮೂಲು. ಭಾನುವಾರ, ಮಕ್ಕಳಿಲ್ಲ, ಬಾಡಿಗೆ ಕೊಟ್ಟಿದ್ದೇವೆ ಎಂದ ಮಾತ್ರಕ್ಕೆ ಆ ಕಟ್ಟಡ ಶಾಲೆಯಲ್ಲದೆ ಹೋಗುವುದಿಲ್ಲ. ಗನ್ ಇಟ್ಟುಕೊಂಡು ಒಳಗೆ ಕಾಲಿಟ್ಟರೆ ಅದು ಫೆಲನಿ, ಅಂದರೆ ಗಂಭೀರ ಅಪರಾಧ. ಎಲ್‌ಟಿಸಿ ಇದ್ದರೂ ಅಷ್ಟೆ.

ಅಂಗಡಿ, ದೇವಸ್ಥಾನ, ಹೋಟೆಲುಗಳ ಬಾಗಿಲಲ್ಲಿ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಒಂದಿಂಚು ಅಕ್ಷರದ ಬೋರ್ಡುಗಳನ್ನು ನೋಡಿರುತ್ತೀರಿ. 30.07 ಎಂದಿದ್ದರೆ ಲೈಸೆನ್ಸ್ ಇದ್ದವರೂ ಕಾಣುವಂತೆ ತರುವಂತಿಲ್ಲ, 30.06 ಎಂದರೆ ಮರೆಮಾಡಿಯೂ ತರುವಂತಿಲ್ಲ, 30.05 ಲೈಸೆನ್ಸ್ ಇಲ್ಲದವರಿಗೆ. ಕೆಂಪಕ್ಷರದಲ್ಲಿ 51% ಎಂದಿದ್ದರೆ ಅದು ಬಾರು, ಒಳಗೆ ಹೋಗಬೇಡಿ. ಬೋರ್ಡು ಇಲ್ಲದಿದ್ದರೂ ಅಂಗಡಿಯವರು ಬಾಯಿಮಾತಿನಲ್ಲಿ ‘ಹೊರಗೆ ಹೋಗಿ’ ಅಂದರೆ ಆ ಕ್ಷಣವೇ ಹೊರಡಿ. ಅಲ್ಲಿ ನಿಂತು ವಾದ ಮಾಡಿದರೆ ಸಣ್ಣ ದಂಡದ ವಿಷಯ ಕ್ಲಾಸ್ ಎ ಮಿಸ್‌ಡಿಮೀನರ್‌ಗೆ (ಜೈಲಾಗಬಹುದಾದ ಅಪರಾಧಕ್ಕೆ) ಏರುತ್ತದೆ, ಪೊಲೀಸರೂ ಬರುತ್ತಾರೆ.

ಇನ್ನು ಯಾವುದು ಯಾವ ಕಡೆ ಎಂಬ ಲೆಕ್ಕ. ಗನ್ ಬಲ ಸೊಂಟಕ್ಕಿದ್ದರೆ ವಾಲೆಟ್, ಫೋನು, ಕೀ ಎಲ್ಲ ಎಡಕ್ಕೆ. ನಮ್ಮ ಗಂಡಸರಿಗೆ ವಾಲೆಟ್ಟನ್ನು ಬಲ ಹಿಂಜೇಬಿಗೆ ತುರುಕುವುದು ಕಾಲೇಜು ದಿನಗಳ ಅಭ್ಯಾಸ. ಐಡಿ ಕೊಡಿ ಎಂದಾಗ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ, ಎದುರಿಗಿರುವ ಆಫೀಸರ್‌ಗೆ ಅದು ಹೋಲ್ಸ್ಟರ್‌ನತ್ತ ಹೋಗುತ್ತಿರುವ ಕೈ. ಕಾರಿನ ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಕಾರ್ಡು ಇರುವ ಗ್ಲೋವ್ ಬಾಕ್ಸ್‌ನಲ್ಲಿ ಯಾವತ್ತೂ ಗನ್ ಇಡಬೇಡಿ. ಆ ಎರಡು ಕಾಗದ ತಲೆಯ ಮೇಲಿನ ಸನ್ ವೈಸರ್‌ನಲ್ಲಿರಲಿ. ಕಾರಿನಲ್ಲಿ ಗನ್ ಹೊರಗೆ ಕಾಣುವಂತಿದ್ದರೆ ಅದು ಹೋಲ್ಸ್ಟರ್‌ನಲ್ಲೇ ಇರಬೇಕು. ಸೀಟಿನ ಮೇಲೆ ಬಿಡಿಯಾಗಿ ಬಿದ್ದಿರುವುದು ಅಪರಾಧ.

ರಸ್ತೆಬದಿಯಲ್ಲಿ ಕಾರು ನಿಲ್ಲಿಸಿದಾಗ

ಊರಲ್ಲಿ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಾಕಿದರೆ ಗಾಡಿ ಸೈಡಿಗೆ ಹಾಕಿ, ಇಳಿದು, ಕಾಗದ ಹಿಡಿದು ನಾವೇ ಅವರ ಹತ್ತಿರ ಹೋಗುತ್ತೇವೆ. ಅದು ಅಲ್ಲಿ ಮರ್ಯಾದೆ. ಇಲ್ಲಿ ಇಳಿದು ಹೋಗುವುದೇ ದೊಡ್ಡ ತಪ್ಪು, ಸೊಂಟದಲ್ಲಿ ಗನ್ ಇರುವಾಗಲಂತೂ ಜೀವಕ್ಕೇ ಅಪಾಯ.

ಬಲಕ್ಕೆ ಸಿಗ್ನಲ್ ಹಾಕಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆಫ್, ಕಿಟಕಿ ಪೂರ್ತಿ ಕೆಳಗೆ, ಕತ್ತಲಾಗಿದ್ದರೆ ಒಳಗಿನ ಲೈಟ್ ಆನ್. ಆಮೇಲೆ ಎರಡೂ ಕೈ ಸ್ಟೀರಿಂಗ್‌ನ ಮೇಲ್ಭಾಗದಲ್ಲಿ, ಬೆರಳು ಬಿಡಿಸಿ. ಆಫೀಸರ್ ಬರುವಷ್ಟರಲ್ಲಿ ಕಾಗದ ತೆಗೆದಿಟ್ಟುಕೊಳ್ಳೋಣ ಎಂದು ಬಗ್ಗಬೇಡಿ. ಹಿಂದಿನಿಂದ ನೋಡುವವರಿಗೆ ಕಾಣುವುದು ಭುಜ ಬಗ್ಗಿದ್ದು ಮಾತ್ರ. ಸೀಟ್ ಬೆಲ್ಟ್ ಬಿಚ್ಚಬೇಡಿ. ಬಕಲ್ ಇರುವುದು ಬಲ ಸೊಂಟದ ಪಕ್ಕ, ಗನ್ನೂ ಅಲ್ಲೇ.

ಗನ್ ಇದೆ ಎಂದು ತಾನಾಗಿಯೇ ಹೇಳಬೇಕೆಂಬ ಕಾನೂನು ಟೆಕ್ಸಸ್‌ನಲ್ಲಿಲ್ಲ. ಆದರೆ ಗನ್ ಮೈಮೇಲಿರುವ ಎಲ್‌ಟಿಸಿದಾರರನ್ನು ಪೊಲೀಸರು ಐಡಿ ಕೇಳಿದರೆ ಡ್ರೈವಿಂಗ್ ಲೈಸೆನ್ಸ್ ಜೊತೆ ಎಲ್‌ಟಿಸಿಯನ್ನೂ ತೋರಿಸಲೇಬೇಕು. ಗನ್ ಕಣ್ಣಿಗೆ ಕಾಣುವಂತಿರುವಾಗ ಮೊದಲೇ ಹೇಳುವುದು ವಾಸಿ. ಹೇಗೆ ಹೇಳುತ್ತೀರಿ ಎಂಬುದು ಮುಖ್ಯ. ‘ಐ ಹ್ಯಾವ್ ಎ ಗನ್’ ಎಂದು ಶುರು ಮಾಡಬೇಡಿ, ಅದು ಬೆದರಿಕೆಯ ಹಾಗೆ ಕೇಳಿಸುತ್ತದೆ. ಕೈ ಸ್ಟೀರಿಂಗ್ ಮೇಲೇ ಇಟ್ಟು ಹೀಗೆ ಹೇಳಿ: ‘ಆಫೀಸರ್, ಐ ಆಮ್ ಲೈಸೆನ್ಸ್ಡ್ ಟು ಕ್ಯಾರಿ. ಮೈ ಫೈರ್‌ಆರ್ಮ್ ಈಸ್ ಆನ್ ಮೈ ರೈಟ್ ಹಿಪ್. ಮೈ ವಾಲೆಟ್ ಈಸ್ ಇನ್ ಮೈ ಲೆಫ್ಟ್ ಪಾಕೆಟ್. ಹೌ ವುಡ್ ಯೂ ಲೈಕ್ ಮೀ ಟು ಪ್ರೊಸೀಡ್?’ ಅಲ್ಲಿಗೆ ಬಾಯಿ ನಿಲ್ಲಲಿ, ಕೈಯೂ ಅಲ್ಲೇ ಇರಲಿ. ಅವರು ಹೇಳಿದ ಮೇಲೆ ಒಂದೇ ಕೈ, ನಿಧಾನಕ್ಕೆ.

2016ರ ಜುಲೈ 6ರಂದು ಮಿನೆಸೋಟದ ಫಾಲ್ಕನ್ ಹೈಟ್ಸ್‌ನಲ್ಲಿ ಫಿಲಾಂಡೊ ಕ್ಯಾಸ್ಟಿಲ್ ಎಂಬವರ ಕಾರನ್ನು ನಿಲ್ಲಿಸಿದ್ದರು. ಅವರ ಬಳಿ ಪರ್ಮಿಟ್ ಇತ್ತು, ಗನ್ ಇದೆ ಎಂದು ಅವರೇ ಹೇಳಿದರು. ಹೇಳಿದ ಕೆಲವೇ ಸೆಕೆಂಡುಗಳಲ್ಲಿ ಗುಂಡು ಬಿತ್ತು. ಕೈ ಹೋಗಿದ್ದು ಲೈಸೆನ್ಸಿಗೋ ಗನ್ನಿಗೋ ಎಂಬುದರ ಮೇಲೆಯೇ ಕೋರ್ಟಿನಲ್ಲಿ ವಾದ ನಡೆದು, 2017ರಲ್ಲಿ ಜ್ಯೂರಿ ಆ ಆಫೀಸರ್‌ನನ್ನು ಬಿಡುಗಡೆ ಮಾಡಿತು. ಮಾತು ಮತ್ತು ಕೈಯ ಚಲನೆ ಒಟ್ಟೊಟ್ಟಿಗೆ ಆಗಬಾರದು ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಕಾರಿನಲ್ಲಿ ಉಳಿದವರಿಗೆ ಮನೆಯಲ್ಲೇ ಹೇಳಿಕೊಡಿ. ಊರಿಂದ ಬಂದ ಅಪ್ಪ ಅಮ್ಮ ಹಿಂದಿನ ಸೀಟಿನಲ್ಲಿದ್ದರೆ ಗಾಬರಿಯಿಂದ ‘ಏನಂತಪ್ಪಾ ಅವರು?’ ಎಂದು ಮುಂದೆ ಬಗ್ಗುತ್ತಾರೆ, ಬ್ಯಾಗಿನೊಳಗೆ ಪಾಸ್‌ಪೋರ್ಟ್ ಹುಡುಕಲು ಶುರು ಮಾಡುತ್ತಾರೆ. ಕೈ ಮುಂದಿನ ಸೀಟಿನ ಬೆನ್ನ ಮೇಲಿರಲಿ, ಸುಮ್ಮನಿರಲಿ. ನೀವೂ ಆ ಹೊತ್ತಿನಲ್ಲಿ ಹೆಂಡತಿಯ ಜೊತೆ ಕನ್ನಡದಲ್ಲಿ ಪಿಸುಗುಡಬೇಡಿ, ಅರ್ಥವಾಗದ ಮಾತು ಅವರಿಗೆ ಸಂಚಿನಂತೆ ಕಾಣಬಹುದು. ಇನ್ನೊಂದು, ತಲೆ ಅಲ್ಲಾಡಿಸಿ ಉತ್ತರ ಕೊಡಬೇಡಿ. ನಮ್ಮ ‘ಆಯ್ತು’ ಅವರಿಗೆ ‘ಇಲ್ಲ’ ಆಗಿ ಕಾಣುತ್ತದೆ. ಬಾಯಿಬಿಟ್ಟು ‘ಯೆಸ್, ಆಫೀಸರ್’ ಅನ್ನಿ.

ಕೆಳಗಿಳಿಯಿರಿ ಅಂದರೆ ಇಳಿಯಬೇಕು. ಚಾಲಕರ ಬಗ್ಗೆ 1977ರಲ್ಲಿ, ಪ್ರಯಾಣಿಕರ ಬಗ್ಗೆ 1997ರಲ್ಲಿ ಸುಪ್ರೀಂ ಕೋರ್ಟ್ ಈ ಅಧಿಕಾರ ಕೊಟ್ಟಿದೆ. ಇಳಿಯುವ ಮುನ್ನ, ಬೆಲ್ಟಿನ ಬಕಲ್ ಗನ್ ಪಕ್ಕ ಇದೆ, ಬಿಚ್ಚಲೇ ಎಂದು ಕೇಳಿ. ತಮ್ಮ ಸುರಕ್ಷತೆಗೆ ಬೇಕೆನಿಸಿದರೆ ಅವರು ಗನ್ ತೆಗೆದಿಟ್ಟುಕೊಳ್ಳಬಹುದು. ಅವರೇ ತೆಗೆಯಲಿ, ನೀವು ಎತ್ತಿ ಕೊಡಲು ಹೋಗಬೇಡಿ, ಗುಂಡು ಖಾಲಿ ಮಾಡಿಕೊಡುತ್ತೇನೆ ಅನ್ನಲೂಬೇಡಿ. ಅಪರಾಧವೇನೂ ಇಲ್ಲದಿದ್ದರೆ ನಿಮ್ಮನ್ನು ಕಳುಹಿಸುವ ಮುನ್ನ ವಾಪಸ್ ಕೊಡಬೇಕೆಂದು ಕಾನೂನಿದೆ. ಮ್ಯಾಗಜೀನ್ ಬೇರೆ, ಗನ್ ಬೇರೆ ಮಾಡಿ ಕೊಟ್ಟರೆ ಹಾಗೇ ಇಟ್ಟುಕೊಂಡು ಹೊರಡಿ. ಅವರ ಕಣ್ಣೆದುರು ಕುಳಿತು ಲೋಡ್ ಮಾಡಬೇಡಿ.

ನಡೆದು ಹೋಗುವಾಗ ತಡೆದರೆ

ಇದು ಕಾರಿಗಿಂತ ಬಿಗಿ. ಬಹಳಷ್ಟು ಸಲ ಯಾರೋ 911ಕ್ಕೆ ‘ಒಬ್ಬರು ಗನ್ ಹಿಡಿದು ಓಡಾಡುತ್ತಿದ್ದಾರೆ’ ಎಂದು ಹೇಳಿರುತ್ತಾರೆ. ಬರುವ ಪೊಲೀಸರಿಗೆ ಗೊತ್ತಿರುವುದು ಅಷ್ಟೇ. ನಿಂತುಬಿಡಿ. ಅಂಗೈ ತೋರಿಸುತ್ತಾ ಎರಡೂ ಕೈ ಎದೆಮಟ್ಟಕ್ಕೆ, ಸೊಂಟದಿಂದ ದೂರ. ‘ಇದೋ, ಇಲ್ಲಿದೆ’ ಎಂದು ಗನ್ನಿನತ್ತ ಬೆರಳು ತೋರಿಸುವುದೂ ಬೇಡ. ಇಬ್ಬರು ಆಫೀಸರ್‌ಗಳು ಎರಡು ಬೇರೆ ಆದೇಶ ಕೊಟ್ಟರೆ ಅಲ್ಲಾಡದೆ, ಯಾವುದನ್ನು ಮಾಡಲಿ ಎಂದು ಕೇಳಿ.

ಬಿಸಿ ಇಳಿದ ಮೇಲೆ ಕೇಳಬಹುದಾದ ಪ್ರಶ್ನೆ ಒಂದು: ‘ಆಮ್ ಐ ಬೀಯಿಂಗ್ ಡಿಟೇನ್ಡ್, ಆರ್ ಆಮ್ ಐ ಫ್ರೀ ಟು ಗೋ?’ ಹೋಗಬಹುದು ಅಂದರೆ ಹೊರಡಿ. ಗನ್ ಕಾಣುತ್ತಿದೆ ಎಂಬ ಒಂದೇ ಕಾರಣಕ್ಕೆ ಹಿಡಿದು ನಿಲ್ಲಿಸುವಂತಿಲ್ಲವೆಂದು 2013ರಲ್ಲಿ ನಾಲ್ಕನೇ, 2015ರಲ್ಲಿ ಆರನೇ ಸರ್ಕಿಟ್ ಕೋರ್ಟುಗಳು (ಪ್ರದೇಶವಾರು ಫೆಡರಲ್ ಮೇಲ್ಮನವಿ ಕೋರ್ಟುಗಳು) ಹೇಳಿವೆ. ಟೆಕ್ಸಸ್ ಇರುವುದು ಐದನೇ ಸರ್ಕಿಟ್‌ನಲ್ಲಿ, ಹಾಗಾಗಿ ಅವು ಇಲ್ಲಿ ಕಡ್ಡಾಯವಲ್ಲ. ಆ ತೀರ್ಪುಗಳು ನಿಮ್ಮ ವಕೀಲರಿಗೆ ಉಪಯೋಗಕ್ಕೆ ಬಂದಾವು, ಫುಟ್‌ಪಾತಿನಲ್ಲಿ ಅಲ್ಲ. ಜೇಬು, ಬ್ಯಾಗು, ಕಾರು ಹುಡುಕಲೇ ಎಂದು ಕೇಳಿದರೆ ‘ಐ ಡು ನಾಟ್ ಕನ್ಸೆಂಟ್’ ಅನ್ನಬಹುದು. ಆದರೂ ಹುಡುಕಿದರೆ ಕೈ ಅಡ್ಡ ಹಾಕಬೇಡಿ. ಹೆಸರು ಸುಳ್ಳು ಹೇಳಬೇಡಿ, ಅದೇ ಪ್ರತ್ಯೇಕ ಅಪರಾಧ. ಪೊಲೀಸರ ಕೆಲಸವನ್ನು ವಿಡಿಯೊ ಮಾಡುವ ಹಕ್ಕನ್ನು ಐದನೇ ಸರ್ಕಿಟ್ 2017ರಲ್ಲಿ ಒಪ್ಪಿದೆ, ಆದರೆ ಆ ಕೆಲಸ ಜೊತೆಯಲ್ಲಿದ್ದವರು ದೂರದಿಂದ ಮಾಡಲಿ. ಗನ್ ಕಟ್ಟಿಕೊಂಡವರು ಫೋನಿಗೆ ಕೈ ಹಾಕುವ ಹೊತ್ತಲ್ಲ ಅದು.

ಗುಂಪು, ಮೆರವಣಿಗೆ, ಪ್ರತಿಭಟನೆಗಳಿಗೆ ಗನ್ ಒಯ್ಯುವುದು ಬೇಡ. 2016ರ ಜುಲೈ 7ರಂದು ಡ್ಯಾಲಸ್‌ನಲ್ಲಿ ಐವರು ಪೊಲೀಸರನ್ನು ಕೊಂದ ರಾತ್ರಿ, ಕಾನೂನುಬದ್ಧವಾಗಿ ರೈಫಲ್ ಹೊತ್ತು ಮೆರವಣಿಗೆಗೆ ಬಂದಿದ್ದ ಒಬ್ಬರ ಫೋಟೊವನ್ನು ಶಂಕಿತನೆಂದು ಪೊಲೀಸರೇ ಊರಿಗೆಲ್ಲ ಹಂಚಿದ್ದರು. ಅವರು ತಾವಾಗಿಯೇ ಪೊಲೀಸರ ಬಳಿ ಹೋಗಿ ರೈಫಲ್ ಒಪ್ಪಿಸಿ ಪಾರಾದರು.

ಬಂಧಿಸಿದರೆ ಎರಡೇ ಮಾತು: ಮಾತನಾಡುವುದಿಲ್ಲ, ವಕೀಲರು ಬೇಕು. ಭಾರತದ ಪಾಸ್‌ಪೋರ್ಟ್ ಇದ್ದವರು ಕಾನ್ಸುಲೇಟ್‌ಗೆ ತಿಳಿಸಿ ಎಂದು ಕೇಳಬಹುದು, ಟೆಕ್ಸಸ್‌ಗೆ ಹ್ಯೂಸ್ಟನ್ ಕಾನ್ಸುಲೇಟ್. ಕೇಸು ಬಿದ್ದುಹೋದರೂ ಕಾಗದಗಳನ್ನು ಜೋಪಾನವಾಗಿಡಿ. ವೀಸಾ ಅರ್ಜಿಯೂ ಸಿಟಿಜನ್‌ಶಿಪ್ ಅರ್ಜಿಯೂ ‘ಎಂದಾದರೂ ಬಂಧನವಾಗಿತ್ತೇ’ ಎಂದು ಕೇಳುತ್ತವೆ, ಶಿಕ್ಷೆಯಾಯಿತೇ ಎಂದು ಮಾತ್ರವಲ್ಲ.

ಗನ್ ಇಲ್ಲದ ಮನೆಯವರಿಗೆ

ಹೋಲ್ಸ್ಟರ್‌ನಲ್ಲಿ ಗನ್ ಇಟ್ಟುಕೊಂಡು ಸಾಮಾನು ಕೊಳ್ಳುತ್ತಿರುವವರನ್ನು ನೋಡಿ 911 ಒತ್ತಬೇಕಾಗಿಲ್ಲ, ಇಷ್ಟವಾಗದಿದ್ದರೆ ಹೊರಗೆ ಬನ್ನಿ. ಗನ್ ಕೈಯಲ್ಲಿದ್ದರೆ, ಯಾರತ್ತಲೋ ಗುರಿಯಿಟ್ಟಿದ್ದರೆ, ಕೂಗಾಡುತ್ತಿದ್ದರೆ ಕೂಡಲೇ ಕರೆ ಮಾಡಿ, ಕಂಡದ್ದನ್ನಷ್ಟೇ ಹೇಳಿ.

ಕೊನೆಯದಾಗಿ ದೀಪಾವಳಿ. ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಮೊಮ್ಮಕ್ಕಳಿಗೆಂದು ರೋಲ್ ಪಟಾಕಿಯ ಕಪ್ಪು ತಗಡಿನ ಪಿಸ್ತೂಲು ಬರುವುದುಂಟು. ಆಟಿಕೆ ಗನ್ನಿನ ಬಾಯಿಗೆ ಕಿತ್ತಳೆ ಬಣ್ಣದ ತುದಿ ಇರಬೇಕೆಂದು ಇಲ್ಲಿನ ಫೆಡರಲ್ ಕಾನೂನು ಹೇಳುತ್ತದೆ, ಅವುಗಳಲ್ಲಿ ಅದು ಇರುವುದಿಲ್ಲ. 2014ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ಪಾರ್ಕಿನಲ್ಲಿ ಆಟದ ಗನ್ ಹಿಡಿದಿದ್ದ 12 ವರ್ಷದ ಟಮೀರ್ ರೈಸ್‌ಗೆ ಪೊಲೀಸ್ ಕಾರು ನಿಂತ ಎರಡು ಸೆಕೆಂಡಿನಲ್ಲಿ ಗುಂಡು ಬಿತ್ತು. ಆ ಗನ್ನಿನ ಕಿತ್ತಳೆ ತುದಿ ಕಿತ್ತುಹೋಗಿತ್ತು. ಅಜ್ಜ ಅಜ್ಜಿಗೆ ಪ್ಯಾಕಿಂಗ್ ಪಟ್ಟಿ ಕಳಿಸುವಾಗ ಪಿಸ್ತೂಲು ಬೇಡ ಎಂದು ಬರೆಯಿರಿ. ಬಂದೇಬಿಟ್ಟಿದ್ದರೆ ಮನೆಯಿಂದ ಆಚೆ ಒಯ್ಯಲು ಬಿಡಬೇಡಿ, ಅಂಗಳಕ್ಕೂ.