ಗ್ರಾಮಠಾಣಾದಲ್ಲಿದ್ದ ನಮ್ಮ ಲೈಬ್ರರಿ

ನಮ್ಮೂರನ್ನು ಮಹಾನಗರ ಪಾಲಿಕೆಗೆ ಸೇರಿಸುವ ಕರಡು ಅಧಿಸೂಚನೆ ಬಂದಾಗ ನಾನು ಗ್ರಾಮ ಪಂಚಾಯಿತಿ ಸದಸ್ಯ. ಊರಿನವರಿಗೆಲ್ಲ ಕಂದಾಯ ಏರುವ ಚಿಂತೆ. ನನಗೆ ನಮ್ಮ ಪಂಚಾಯಿತಿ ಲೈಬ್ರರಿಯ, ಅಂದರೆ ಅರಿವು ಕೇಂದ್ರದ ಚಿಂತೆ. ಲೈಬ್ರರಿ ಇನ್ನು ಯಾರದ್ದು?

ಮೊದಲು ಹೋದದ್ದು ಜಿಲ್ಲೆಯ ಗ್ರಂಥಾಲಯ ಕಚೇರಿಗೆ. "ಗಡಿ ಹಾಕೋರು ನಾವಲ್ಲ ಸಾರ್. ಪಾಲಿಕೆ ಎಲ್ಲಿವರೆಗೆ ಬರುತ್ತೋ ಅಲ್ಲಿವರೆಗೆ ನಗರದ ಗ್ರಂಥಾಲಯದವರದ್ದು" ಎಂದರು ಗುಮಾಸ್ತರು. ಮನೆಗೆ ಬಂದು 1965ರ ಗ್ರಂಥಾಲಯ ಕಾಯ್ದೆ ಓದಿದೆ. ಅವರು ಹೇಳಿದ್ದು ಸರಿ. ದೊಡ್ಡ ನಗರಕ್ಕೆ ನಗರ ಗ್ರಂಥಾಲಯ ಪ್ರಾಧಿಕಾರ, ಅದನ್ನು ಬಿಟ್ಟು ಉಳಿದ ಜಿಲ್ಲೆಗೆ ಜಿಲ್ಲಾ ಗ್ರಂಥಾಲಯ ಪ್ರಾಧಿಕಾರ. ನಮ್ಮದು ಇನ್ನೂ ಗೋಜಲು. 2019ರಲ್ಲಿ ಪಂಚಾಯಿತಿ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದಿದ್ದವು. ಪಂಚಾಯಿತಿಯೇ ಹೋದರೆ ಲೈಬ್ರರಿಗೆ ದಿಕ್ಕು ಯಾರು?

ಅಂದರೆ ಮಾತಾಡಬೇಕಾದದ್ದು ಪಾಲಿಕೆಯ ಕರಡಿನ ಮೇಲೆ. ಆಕ್ಷೇಪಣೆಗೆ ಕೊಟ್ಟದ್ದು 30 ದಿನ. ಅದರಲ್ಲಿ ಹತ್ತು ದಿನ ಸುಮ್ನೆ ಅಲೆದಾಟದಲ್ಲಿ ಕಳೆದಿತ್ತು.

ಕರಡಿನ ಅನುಬಂಧ ಹಿಡಿದು, ಊರಿನ ಕಂದಾಯ ದಾಖಲೆ ನೋಡುವ ವಿಎ ಜೊತೆ ಕೂತೆ. ಗ್ರಾಮ ನಕ್ಷೆ ಹರಡಿಕೊಂಡು ಒಂದೊಂದೇ ಸರ್ವೆ ನಂಬರಿಗೆ ಪೆನ್ಸಿಲ್ ಗುರುತು ಹಾಕುತ್ತಾ ಹೋದೆವು. ಹೊಲ, ಕೆರೆ, ಸ್ಮಶಾನ ಎಲ್ಲ ಸಿಕ್ಕವು. ಲೈಬ್ರರಿ ಸಿಗಲಿಲ್ಲ. ಅದಿರುವುದು ಗ್ರಾಮಠಾಣಾದಲ್ಲಿ, ಅಂದರೆ ಊರಿನ ಮನೆಗಳಿರುವ ಜಾಗದಲ್ಲಿ, ಅಲ್ಲಿ ಸರ್ವೆ ನಂಬರೇ ಇಲ್ಲ. ಕರಡು ಬರೆದವರು ಬರೀ ನಂಬರುಗಳನ್ನು ಪಟ್ಟಿ ಮಾಡಿದ್ದರು. ಹಾಗಾಗಿ ಸುತ್ತಲಿನ ಹೊಲ ಪಾಲಿಕೆಗೆ, ನಡುವಿನ ಊರು, ಗುಡಿ, ಲೈಬ್ರರಿ ಎಲ್ಲಿಗೂ ಇಲ್ಲ! ವಿಎ ನಕ್ಕರು. ನನಗೆ ನಗು ಬರಲಿಲ್ಲ.

ಆಕ್ಷೇಪಣೆಯಲ್ಲಿ ಎರಡೇ ವಿಷಯ ಬರೆದೆ. ಗ್ರಾಮಠಾಣಾವನ್ನು ಹೆಸರು ಹೇಳಿ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಸಹಿತ ಸೇರಿಸಬೇಕು. ಲೈಬ್ರರಿ ಕಟ್ಟಡ, ಪುಸ್ತಕ, ಮೇಲ್ವಿಚಾರಕಿಯ ಕೆಲಸ ಯಾರ ಪಾಲಿಗೆ ಎಂದು ತಿಳಿಸಬೇಕು. ನಕ್ಷೆಯ ನಕಲು ಲಗತ್ತಿಸಿ, ನನ್ನ ಪ್ರತಿಗೆ ಸೀಲು ಹಾಕಿಸಿಕೊಂಡೆ. ಬಾಯಲ್ಲಿ ಹೇಳಿ ಬಂದರೆ ಲೆಕ್ಕಕ್ಕಿಲ್ಲ, ಸೀಲು ಇರಲೇಬೇಕು.

ಅಂತಿಮ ಅಧಿಸೂಚನೆಯಲ್ಲಿ ಗ್ರಾಮಠಾಣಾ ಸೇರಿತು. ಎರಡನೆಯದಕ್ಕೆ ಉತ್ತರವೇ ಬರಲಿಲ್ಲ. ಪುಣ್ಯಕ್ಕೆ, ಪಂಚಾಯಿತಿ ಇದ್ದಾಗಲೇ ಸಭೆಯಲ್ಲಿ ನಿರ್ಣಯ ಮಾಡಿ, ಪುಸ್ತಕಗಳನ್ನು ಎಣಿಸಿ, ರಿಜಿಸ್ಟರಿಗೆ ಪಂಚಾಯಿತಿ ಅಧಿಕಾರಿ ಪಿಡಿಒ ಅವರ ಸಹಿ ಹಾಕಿಸಿಟ್ಟಿದ್ದೆವು. ಆಮೇಲೆ ಹಸ್ತಾಂತರ ನಡೆದದ್ದು ಆ ರಿಜಿಸ್ಟರ್ ಹಿಡಿದೇ.

ಗ್ರಂಥಾಲಯ ಕರ ಆಗಲೂ ಕಂದಾಯದ ಮೇಲೆ ನೂರಕ್ಕೆ 6, ಈಗಲೂ ಅಷ್ಟೇ. ಕಂದಾಯವೇ ಏರಿದ್ದರಿಂದ ಮೊತ್ತ ಜಾಸ್ತಿ. ಲೈಬ್ರರಿ ಬೋರ್ಡಿನ ಮೇಲೆ ಮಾತ್ರ ಇನ್ನೂ ಪಂಚಾಯಿತಿ ಹೆಸರೇ ಇದೆ.