ಸಪೋಟದಂಥ ಸೇಬು

ಇಂಗ್ಲೆಂಡಿನ ಕೆಂಟ್‌ನಲ್ಲಿ ಬ್ರಾಗ್‌ಡೇಲ್ ಅಂತ ಒಂದು ತೋಟ ಇದೆ. ಈ ದೇಶದ ರಾಷ್ಟ್ರೀಯ ಹಣ್ಣಿನ ಸಂಗ್ರಹ ಇರುವುದು ಅಲ್ಲೇ. ಸೇಬಿನ ತಳಿಗಳೇ 2,000ಕ್ಕೂ ಜಾಸ್ತಿ. ಒಂದು ಅಕ್ಟೋಬರ್‌ನಲ್ಲಿ ಅಲ್ಲಿಗೆ ಹೋಗಿದ್ದಾಗ ರುಚಿ ನೋಡಲು ಹೋಳು ಮಾಡಿ ಇಟ್ಟಿದ್ದರು. ಕೆಂಪಗೆ ಹೊಳೆಯುವವನ್ನೆಲ್ಲ ತಿಂದಾದ ಮೇಲೆ ಮೂಲೆಯ ತಟ್ಟೆಗೆ ಕೈ ಹಾಕಿದೆ. ಒರಟು ಕಂದು ಸಿಪ್ಪೆ, ಥೇಟ್ ನಮ್ಮ ಸಪೋಟ. ಕಚ್ಚಿದರೆ ಚುರುಕಾದ ಹುಳಿ, ಅದರ ಬೆನ್ನಿಗೇ ಸಿಹಿ, ನುಂಗಿದ ಮೇಲೂ ಬಾಯಲ್ಲಿ ಉಳಿಯುವ ಪೇರ್ ಹಣ್ಣಿನ ಘಮ. ಅಂಗಡಿ ಸೇಬು ಇಷ್ಟು ವರ್ಷ ಸುಮ್ನೆ ತಿಂದೆನಲ್ಲ ಅನ್ನಿಸಿತು.

ಹೆಸರು ಆಶ್‌ಮೀಡ್ಸ್ ಕರ್ನಲ್. 1700ರ ಸುಮಾರಿಗೆ ಗ್ಲೌಸ್ಟರ್‌ನಲ್ಲಿ ಆಶ್‌ಮೀಡ್ ಎಂಬುವರ ತೋಟದಲ್ಲಿ ಬೀಜದಿಂದ ಹುಟ್ಟಿದ್ದಂತೆ. ಆದರೆ ಅದರ ಬೀಜ ನೆಟ್ಟರೆ ಅದೇ ಹಣ್ಣು ಬರುವುದಿಲ್ಲ. ಕಸಿಯೇ ಮಾಡಬೇಕು.

ಜನವರಿಯಲ್ಲಿ ನರ್ಸರಿಯಿಂದ ಕಡ್ಡಿ ತರಿಸಿ, ಒದ್ದೆ ಪೇಪರ್‌ನಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟೆ. ಮಾರ್ಚ್‌ನಲ್ಲಿ ಎಂಎಂ 106 ಎಂಬ ಬೇರುಗಿಡಗಳಿಗೆ, ಅಂದರೆ ಕಸಿಗೆ ಬುಡವಾಗುವ ಸೇಬಿನ ಗಿಡಗಳಿಗೆ, ಕಟ್ಟಿದೆ. ಕಡ್ಡಿ ಬೇರುಗಿಡಕ್ಕಿಂತ ಸಣ್ಣ ಇತ್ತು. ಹಾಗಿದ್ದಾಗ ನಡುವೆ ಕೂರಿಸಬಾರದು. ಒಂದು ಬದಿಗೆ ಸರಿಸಿ, ತೊಗಟೆಯ ಕೆಳಗಿನ ಹಸಿರು ಪದರಕ್ಕೆ ಹಸಿರು ಪದರ ತಾಗಿಸಬೇಕು. ಮೂರರಲ್ಲಿ ಎರಡು ಚಿಗುರಿದವು. ಈ ತಳಿಯ ಪರಾಗಕ್ಕೆ ಬಲ ಕಡಿಮೆ, ಹತ್ತಿರದಲ್ಲಿ ಬೇರೆ ಸೇಬಿನ ಮರ ಇದ್ದರೂ ಅದಕ್ಕೆ ಇದರಿಂದ ಉಪಕಾರ ಇಲ್ಲ. ಇದಕ್ಕೂ ಬೇರೆ ಮರದ ಪರಾಗ ಬೇಕು. ಪಕ್ಕದ ಮನೆಯ ಎರಡು ಮರಗಳಿಂದ ನಮಗೆ ಅನುಕೂಲವಾಯಿತು.

ನಾಲ್ಕನೇ ವರ್ಷ ಹನ್ನೊಂದು ಹಣ್ಣು. ಅಕ್ಟೋಬರ್‌ನಲ್ಲಿ ಕಿತ್ತ ಕೂಡಲೇ ಒಂದನ್ನು ಕಚ್ಚಿದೆ. ಬರೀ ಹುಳಿ! ಹಲ್ಲು ಚುಳ್ ಅಂದಿತು. ತುಂಬ ಬೇಜಾರಾಯಿತು.

ಆಗ ಅಮ್ಮ ನೆನಪಾದರು. ಬಲಿತ ಮಾವಿನಕಾಯಿ ಕಿತ್ತ ಕೂಡಲೇ ಯಾರಾದರೂ ತಿನ್ನುತ್ತಾರಾ? ಭತ್ತದ ಹುಲ್ಲಲ್ಲಿ ಮುಚ್ಚಿಟ್ಟು ಕಾಯುತ್ತಿದ್ದೆವು ಅಲ್ವಾ. ಮಾವಿಗೆ ಕಾವು ಬೇಕು, ಇದಕ್ಕೆ ತಂಪು. ಉಳಿದ ಹತ್ತನ್ನು ಒಂದಕ್ಕೊಂದು ತಾಗದಂತೆ ಪೇಪರ್‌ನಲ್ಲಿ ಸುತ್ತಿ ತೋಟದ ಶೆಡ್‌ನಲ್ಲಿಟ್ಟೆ. ಇಟ್ಟ ಹಾಗೇ ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ಹುಳಿ ಇಳಿಯುತ್ತದೆ.

ಕ್ರಿಸ್‌ಮಸ್ ಹೊತ್ತಿಗೆ ಒಂದು ಪೇಪರ್ ಬಿಚ್ಚಿದೆ. ಸಿಪ್ಪೆ ಸ್ವಲ್ಪ ಸುಕ್ಕಾಗಿತ್ತು. ಕೊಯ್ಯುವ ಮೊದಲೇ ಘಮ ಬಂತು. ಬ್ರಾಗ್‌ಡೇಲ್‌ನಲ್ಲಿ ತಿಂದದ್ದಕ್ಕಿಂತ ಇದೇ ರುಚಿ ಅಂತ ಈಗಲೂ ಹೇಳುತ್ತೇನೆ. ಇನ್ನು ನಾಲ್ಕು ಉಳಿದಿವೆ. ಜನವರಿ ಕೊನೆಗೆ ತಂಗಿ ಬರುತ್ತಾಳೆ, ಅಲ್ಲಿವರೆಗೆ ಮುಟ್ಟುವುದಿಲ್ಲ.